0.6 ಸಾಕು

ರೀಮ್ಯಾಪ್ ಮಾಡಿಸಿ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸಿ) ಬೂಸ್ಟ್, ಅಂದ್ರೆ ಟರ್ಬೊ ಒಳಗೆ ತುಂಬೋ ಗಾಳಿಯ ಒತ್ತಡ, ಏರಿಸಿದಾಗಿಂದ ಗೆಳೆಯನ ಟರ್ಬೊ ಕಾರು ಆಕ್ಸಿಲರೇಟರ್ ಪೂರ್ತಿ ಒತ್ತಿದ್ರೆ ಮಿಸ್ ಹೊಡೀತಿತ್ತು. ಇವತ್ತು ದಾವಣಗೆರೆ ಪಿ.ಬಿ. ರೋಡ್ ಹತ್ರ ಸ್ಪಾರ್ಕ್ ಪ್ಲಗ್ ಬಿಚ್ಚಿಸಿದ್ವಿ.

ಮೇಸ್ತ್ರಿ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರೋ ಗ್ಯಾಪ್‌ಗೆ ಫೀಲರ್ ಗೇಜ್ (ಸಂದು ಅಳೆಯೋ ತೆಳು ಪಟ್ಟಿ) ತೂರಿಸಿದ್ರು. 0.8 ಮಿ.ಮೀ.

“ಬೂಸ್ಟ್ ಜಾಸ್ತಿ ಆದ್ರೆ ಒಳಗೆ ಒತ್ತಡಾನೂ ಜಾಸ್ತಿ ನೋಡ್ರಿ. ಇಷ್ಟು ಗ್ಯಾಪ್ ಇದ್ರೆ ಕಿಡಿ ಹಾರಲ್ಲ. 0.6ಕ್ಕೆ ತರೋಣ.”

ಇರಿಡಿಯಂ ಪ್ಲಗ್ಗು. ನಡುವಿನ ಸೂಜಿಗೆ ಗೇಜ್ ಒತ್ತಿ ಮೀಟೋ ಹಾಗಿಲ್ಲ, ಮುರಿದ್ರೆ ಹೊಸದೇ ಗತಿ. ಮೇಲಿನ ಕೊಕ್ಕೆಯನ್ನಷ್ಟೇ ಒಂಚೂರು ಬಗ್ಗಿಸೋದು, ಅಳೆಯೋದು, ಮತ್ತೆ ಬಗ್ಗಿಸೋದು. ಗೇಜಿನ ಪಟ್ಟಿ ಸ್ವಲ್ಪ ಹಿಡಿದು ಹಿಡಿದು ಜಾರಬೇಕಂತೆ.

ಲಕ್ಷಗಟ್ಟಲೆ ಕಾರು, ಅದರ ಮೇಲೆ ಟ್ಯೂನಿಂಗ್ ಖರ್ಚು ಬೇರೆ (ಮನೇಲಿ ಹೇಳಿಲ್ಲ ಪುಣ್ಯಾತ್ಮ). ತಕರಾರು ಮಾತ್ರ 0.2 ಮಿ.ಮೀ. ಖಾಲಿ ಜಾಗದ್ದು. ನನಗಂತೂ ನಗು ಬಂತು.

ಈಗ ಹರಿಹರದ ಕಡೆ ಓಡಿಸಿ ನೋಡೋಕೆ ಹೋಗಿದ್ದಾನೆ. ಸರಿಹೋದ್ರೆ ಬೆಣ್ಣೆ ದೋಸೆ ಅವನ ಲೆಕ್ಕ.