ನಾಲ್ಕು ಇಂಜೆಕ್ಷನ್, ಹನ್ನೆರಡು ಗಂಟೆಗೊಂದು

ಹಳೇ ಫೈಲು ಹುಡುಕುವಾಗ ಮಗಳು ಹುಟ್ಟಿದಾಗಿನ ಆಸ್ಪತ್ರೆ ಚೀಟಿ ಸಿಕ್ಕಿತು. ಡೆಕ್ಸಾ (ಡೆಕ್ಸಾಮೆಥಾಸೋನ್ ಅನ್ನೋ ಸ್ಟೀರಾಯ್ಡ್ ಮದ್ದು) 6 ಮಿಗ್ರಾಂ ಅಂತ ನಾಲ್ಕು ಸಾಲು, ಪಕ್ಕದಲ್ಲಿ ಟೈಮು. ಮೊದಲನೆಯದು ಸಂಜೆ 6.40, ನಮ್ಮೂರಿನ ಪಿಎಚ್‌ಸಿ ಸಿಸ್ಟರ್ ಕೈಬರಹ. 31ನೇ ವಾರಕ್ಕೇ ನೋವು ಬಂದಿತ್ತು. ನಾನು ಗ್ಯಾಸ್ ಇರಬೇಕು ಅಂತ ಬೆಳಗ್ಗೆಯಿಂದ ಜೀರಿಗೆ ಕಷಾಯ ಕುಡಿದು ಸುಮ್ನೆ ಮಲಗಿದ್ದೆ, ಪೆದ್ದಿ. ಸಿಸ್ಟರ್ ನೋಡಿದವರೇ 108ಕ್ಕೆ ಫೋನ್ ಮಾಡಿ, ಗಾಡಿ ಬರುವಷ್ಟರಲ್ಲಿ ತೊಡೆಗೆ ಒಂದು ಚುಚ್ಚಿಯೇ ಬಿಟ್ಟಿದ್ದರು.

ಸ್ಟೀರಾಯ್ಡ್ ಅಂತ ಕೇಳಿ ಅತ್ತೆ ಹೌಹಾರಿದರು. ಜಿಮ್ ಹುಡುಗರು ತಗೊಳ್ಳೋದಲ್ವಾ ಅದು? "ಅದು ಬೇರೆ ಅಮ್ಮಾ, ಇದು ಮಗು ಉಸಿರಾಡೋಕೆ" ಅಂದರು ಸಿಸ್ಟರ್, ಅಷ್ಟೇ.

ಪೂರ್ತಿ ಅರ್ಥವಾಗಿದ್ದು ಆಮೇಲೆ. ದಿನ ತುಂಬದ ಮಗುವಿನ ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ಸರ್ಫ್ಯಾಕ್ಟಂಟ್ ಅನ್ನೋ ಜಿಡ್ಡು ಸಾಲದು, ಹಾಗಾಗಿ ಉಸಿರು ಬಿಟ್ಟಾಗಲೆಲ್ಲ ಅವು ಒದ್ದೆ ಪ್ಲಾಸ್ಟಿಕ್ ಕವರಿನ ಹಾಗೆ ಅಂಟಿಕೊಂಡು, ಮತ್ತೆ ಬಿಡಿಸೋಕೆ ಮಗು ಒದ್ದಾಡುತ್ತೆ. ತಾಯಿಗೆ ಕೊಟ್ಟ ಮದ್ದು ಮಾಸು ದಾಟಿ ಹೋಗಿ ಶ್ವಾಸಕೋಶವನ್ನು ಬೇಗ ಬಲಿಸುತ್ತೆ. ಆದರೆ ಹೆರಿಗೆಗೆ ಮುಂಚೆ ಒಂದು ದಿನವಾದರೂ ಸಿಕ್ಕರೆ ಚೆನ್ನ. ಅದಕ್ಕೇ ಸಿಸ್ಟರ್‌ಗೆ ಅಷ್ಟು ಅವಸರ.

ಇದು ಗೊತ್ತಾಗಿದ್ದು ಕುರಿಗಳಿಂದ! ನ್ಯೂಜಿಲೆಂಡಿನ ಲಿಗಿನ್ಸ್ ಅನ್ನೋ ಡಾಕ್ಟರು ಹೆರಿಗೆ ಹೇಗೆ ಶುರುವಾಗುತ್ತೆ ಅಂತ ಕುರಿಗಳಲ್ಲಿ ನೋಡುತ್ತಿದ್ದರು. ಸ್ಟೀರಾಯ್ಡ್ ಸಿಕ್ಕ ಮರಿಯೊಂದು ತೀರಾ ಬೇಗ ಹುಟ್ಟಿಯೂ ಉಸಿರಾಡುತ್ತಿತ್ತು. ಮಕ್ಕಳ ಡಾಕ್ಟರ್ ಹೋವಿ ಜೊತೆ ತಾಯಂದಿರಲ್ಲೂ ಪರೀಕ್ಷೆ ಮಾಡಿ 1972ರಲ್ಲಿ ಪ್ರಕಟಿಸಿದರು. ಎಲ್ಲ ಕಡೆ ಬಳಕೆಗೆ ಬರೋಕೆ ಮಾತ್ರ 20 ವರ್ಷಕ್ಕೂ ಜಾಸ್ತಿ ಹಿಡಿಯಿತು, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. 2020ರಲ್ಲಿ ಬಂದ, ಇದೇ ಮದ್ದಿನ ಡಬ್ಲ್ಯುಎಚ್‌ಒ ಪ್ರಯೋಗದಲ್ಲಿ ನಮ್ಮ ಬೆಳಗಾವಿಯ ತಾಯಂದಿರೂ ಇದ್ದರು. ಹಾಗಂತ ಕಂಡಕಂಡವರಿಗೆ ಚುಚ್ಚೋ ಮದ್ದಲ್ಲ ಇದು. ವಾರದ ಲೆಕ್ಕ ಸರಿ ಇರಬೇಕು, ಹುಟ್ಟಿದ ಮಗುವನ್ನು ನೋಡಿಕೊಳ್ಳೋ ವ್ಯವಸ್ಥೆಯೂ ಇರಬೇಕು.

ನನ್ನ ನಾಲ್ಕನೆಯ ಇಂಜೆಕ್ಷನ್ ಮೂರನೇ ದಿನ ಬೆಳಗ್ಗೆ. ಹತ್ತೂವರೆಗೆ ಮಗಳು ಹುಟ್ಟಿದಳು, 1,450 ಗ್ರಾಂ. ಬೆಕ್ಕಿನ ಮರಿ ಹಾಗೆ ಸಣ್ಣಗೆ ಅತ್ತಳು. ಎರಡು ದಿನ ಮೂಗಿಗೆ ಸಿಪ್ಯಾಪ್ (ಸಣ್ಣ ಒತ್ತಡದಲ್ಲಿ ಗಾಳಿ ಕೊಡೋ ನಳಿಕೆ) ಹಾಕಿದ್ದರು, ವೆಂಟಿಲೇಟರ್ ಬೇಕಾಗಲಿಲ್ಲ. ಇಂಜೆಕ್ಷನ್‌ನಿಂದಲೇ ಅಂತ ಯಾರೂ ಬರೆದುಕೊಡಲ್ಲ ಬಿಡಿ.

ಅತ್ತೆ ಇವತ್ತಿಗೂ ಅವಳನ್ನು ಏಳು ತಿಂಗಳ ಕೂಸು ಅನ್ನುತ್ತಾರೆ. ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ ಅನ್ನೋ ಮಾತಿದೆಯಲ್ಲ, ಅದಕ್ಕೆ. ಲೆಕ್ಕ ಹಾಕಿದರೆ ಎಂಟರಲ್ಲಿತ್ತು. ನಾನು ತಿದ್ದೋಕೆ ಹೋಗಲ್ಲ.