ಸೊಪ್ಪನ್ನು ಲ್ಯಾಬಿಗೆ ಕೊಟ್ಟರೆ ಯಾವ ಕಾಯಿಲೆಗೆ ಅಂತ ಹೇಳ್ತಾರಾ?

ಸಿದ್ಧರಬೆಟ್ಟದ ಕಡೆಯಿಂದ ಬೇರು, ಸೊಪ್ಪು ತಂದವರೆಲ್ಲ ಕೇಳುವುದು ಇದನ್ನೇ. ಒಂದೇ ಸ್ಯಾಂಪಲ್ ಆದರೆ, ಇಲ್ಲ. ಒಂದೇ ಗಿಡದ ಮೂವತ್ತು ಸ್ಯಾಂಪಲ್ ಇದ್ದರೆ, ಮೂವತ್ತೊಂದನೆಯದು ಒಂದು ಲ್ಯಾಬ್ ಪರೀಕ್ಷೆಯಲ್ಲಿ ಎಷ್ಟು ಕೆಲಸ ಮಾಡೀತು ಅಂತ ಅಂದಾಜು ಮಾಡಬಹುದು.

ಸಕ್ಕರೆ ಕಾಯಿಲೆಗೆ ಅಂತ ಹೇಳುವ ಮಧುನಾಶಿನಿ ಬಳ್ಳಿಯನ್ನೇ ತೊಗೊಳ್ಳಿ. ಎರಡು ಹಸಿ ಎಲೆ ಚೆನ್ನಾಗಿ ಅಗಿದು ಉಗಿದು, ಮೇಲೆ ಸಕ್ಕರೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತದೆ. ಅದು ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳ ಕೆಲಸ. ಅದೇ ಎಲೆಯ ಮೆಥನಾಲ್ ಸಾರವನ್ನು ಅಂಶಗಳನ್ನು ಬೇರೆಬೇರೆ ಪಟ್ಟಿಗಳಾಗಿ ಬಿಡಿಸುವ ಸಿಲಿಕಾ ಪ್ಲೇಟಿನ ಮೇಲೆ ಓಡಿಸಿ 254 ನ್ಯಾನೊಮೀಟರ್ ಯುವಿ ದೀಪದಡಿ ಹಿಡಿಯಿರಿ: ಆ ಆಮ್ಲಗಳು ಕಾಣುವುದೇ ಇಲ್ಲ ಅನ್ನಬೇಕು, ಆ ಬೆಳಕನ್ನು ಹೀರುವ ಭಾಗ ಅವುಗಳಲ್ಲಿಲ್ಲ. ಅನಿಸಾಲ್ಡಿಹೈಡ್ ಮತ್ತು ಗಂಧಕಾಮ್ಲ ಸಿಂಪಡಿಸಿ, 105 ಡಿಗ್ರಿಯಲ್ಲಿ ಐದು ನಿಮಿಷ ಕಾಯಿಸಿದ ಮೇಲೆ ನೇರಳೆ ಪಟ್ಟಿಗಳು ಏಳುತ್ತವೆ. ಕಾಲೇಜು ಪ್ರಾಜೆಕ್ಟುಗಳಲ್ಲಿ ಬಹಳಷ್ಟು ಇಷ್ಟು ದೂರ ಬರುವುದಿಲ್ಲ. ಒಟ್ಟು ಫೀನಾಲ್, ಡಿಪಿಪಿಎಚ್ (ಆಂಟಿಆಕ್ಸಿಡೆಂಟ್ ಗುಣ ನೋಡುವ ಬಣ್ಣದ ಪರೀಕ್ಷೆ) ಅಂತ ಮುಗಿಸಿಬಿಡುತ್ತಾರೆ. ಡಿಪಿಪಿಎಚ್‌ನ ನೇರಳೆ ಬಣ್ಣವನ್ನು ಟೀ ಡಿಕಾಕ್ಷನ್ನೂ ಹಳದಿ ಮಾಡುತ್ತದೆ. ಅಲ್ಲಿಂದ ಸಕ್ಕರೆ ಕಾಯಿಲೆಗೆ ಹಾರುವಂತಿಲ್ಲ.

ಅಂದಾಜು ಬೇಕಿದ್ದರೆ ಸ್ಯಾಂಪಲ್‌ಗಳು ಬೇರೆಬೇರೆಯಾಗಿರಬೇಕು: ಕೊರಟಗೆರೆಯ ಬೆಟ್ಟದ ಬುಡದ್ದು, ಪಾವಗಡದ ಒಣ ಬದುವಿನದು, ಹಿತ್ತಲಲ್ಲಿ ನೀರು ಹಾಕಿ ಬೆಳೆಸಿದ್ದು, ಮಳೆಗೆ ಮುಂಚಿನದು, ಆಮೇಲಿನದು. (ಕಾಡಿನಿಂದ ಕೀಳುವುದಾದರೆ ಅರಣ್ಯ ಇಲಾಖೆಯ ಅನುಮತಿ ಮೊದಲು.) ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, 5 ಗ್ರಾಂ ಪುಡಿಗೆ 70% ಎಥನಾಲ್ 50 ಮಿಲಿ, 24 ಗಂಟೆ ಅಲುಗಾಡಿಸಿ, ಸೋಸಿ, 45 ಡಿಗ್ರಿ ಮೀರದಂತೆ ದ್ರಾವಕ ಆರಿಸಿ. ಪ್ರತಿ ಸಾರಕ್ಕೂ ಎಚ್‌ಪಿಎಲ್‌ಸಿ ಯಂತ್ರದಲ್ಲಿ ಗ್ರಾಫು ತೆಗೆಯಿರಿ (ಅದು ಸಾರದ ಅಂಶಗಳನ್ನು ಬಿಡಿಸಿ ಒಂದೊಂದನ್ನು ಒಂದು ಪೀಕಾಗಿ, ಅಂದರೆ ಶಿಖರವಾಗಿ, ತೋರಿಸುತ್ತದೆ), ಅದೇ ಸಾರದಿಂದ ಆಲ್ಫಾ ಗ್ಲುಕೋಸಿಡೇಸ್ (ಪಿಷ್ಟ, ಸಕ್ಕರೆಗಳನ್ನು ಗ್ಲುಕೋಸ್ ಆಗಿ ಒಡೆಯುವ) ಕಿಣ್ವವನ್ನು ಸಾರ ಎಷ್ಟು ತಗ್ಗಿಸುತ್ತದೆ ಅನ್ನುವ ಪರೀಕ್ಷೆಯನ್ನೂ ಮಾಡಿ. ಯಾವ ಪೀಕು ಏರಿದಾಗ ಕಿಣ್ವ ಹೆಚ್ಚು ತಗ್ಗುತ್ತದೆ ಅಂತ ಪಿಎಲ್‌ಎಸ್ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕ ಹೇಳುತ್ತದೆ. ಏಳೆಂಟು ಸ್ಯಾಂಪಲ್ ಲೆಕ್ಕಕ್ಕೆ ಸೇರಿಸದೆ ಎತ್ತಿಡಿ. ಲೆಕ್ಕ ಹೇಳಿದ್ದು ಅವುಗಳಲ್ಲೂ ನಿಜವಾಗಬೇಕು. ಸ್ಯಾಂಪಲ್ ಹತ್ತು, ಪೀಕು ಐವತ್ತು ಇದ್ದರೆ ಕಂಪ್ಯೂಟರು ಏನನ್ನು ಬೇಕಾದರೂ ಹೊಂದಿಸಿ ಕೊಡುತ್ತದೆ.

ಹೆಚ್ಚು ಕೈಕೊಡುವುದು ಕಿಣ್ವದ ಪರೀಕ್ಷೆ. ಅಲ್ಲಿ ಅಳೆಯುವುದು ಕಿಣ್ವ ಕೆಲಸ ಮಾಡಿದಾಗ ಬರುವ ಹಳದಿ ಬಣ್ಣವನ್ನು, 405 ನ್ಯಾನೊಮೀಟರ್ ಬೆಳಕಿನಲ್ಲಿ. ಸಾರಕ್ಕೂ ತನ್ನದೇ ಬಣ್ಣವಿದೆ, ಹಾಗಾಗಿ ಕಳೆದು ನೋಡಲು ಕಿಣ್ವ ಹಾಕದ ಟ್ಯೂಬು (ಬ್ಲಾಂಕ್) ಪ್ರತಿ ಸಾರಕ್ಕೂ ಬೇಕು. ಸೊಪ್ಪಿನ ಒಗರಿಗೆ ಕಾರಣವಾದ ಟ್ಯಾನಿನ್ ಯಾವ ಪ್ರೋಟೀನಿಗಾದರೂ ಅಂಟಿಕೊಳ್ಳುವ ಜಾತಿ, ಕಿಣ್ವವೂ ಪ್ರೋಟೀನೇ. ಟ್ಯಾನಿನ್ ಹಿಡಿದಿಡುವ ಪಿವಿಪಿಪಿ ಪುಡಿಯಿಂದ ಅದನ್ನು ತೆಗೆದು ಇನ್ನೊಮ್ಮೆ ನೋಡಿ. ಫಲಿತಾಂಶ ಮಾಯವಾದರೆ ಅದು ಟ್ಯಾನಿನ್‌ದೇ ಆಟ ಅಂತ ಅನುಮಾನಿಸಿ. "ಅಕಾರ್ಬೋಸ್ ಮಾತ್ರೆಗಿಂತ ನೂರುಪಟ್ಟು ಚೆನ್ನಾಗಿದೆ" (ಅಕಾರ್ಬೋಸ್ ಇದೇ ಕಿಣ್ವವನ್ನು ತಗ್ಗಿಸುವ ಸಕ್ಕರೆ ಕಾಯಿಲೆಯ ಔಷಧಿ) ಅನ್ನುವ ವರದಿ ಕಂಡರೆ ಕಿಣ್ವ ಯಾವುದು ಅಂತ ಕೇಳಿ. ಯೀಸ್ಟಿನ ಕಿಣ್ವದ ಮೇಲೆ ಅಕಾರ್ಬೋಸ್ ಮೊದಲೇ ಸಪ್ಪೆ, ಅದರೆದುರು ಯಾವ ಸೊಪ್ಪೂ ಶೂರನೇ. ಇಲಿಯ ಕರುಳಿನ ಕಿಣ್ವದಲ್ಲಿ ನೋಡಿದರೆ ಗೊತ್ತಾಗುತ್ತದೆ.

ಕೊನೆಗೆ ಆ ಪೀಕನ್ನು ಬೇರ್ಪಡಿಸಿ ಒಂಟಿಯಾಗಿ ಪರೀಕ್ಷಿಸಬೇಕು. ಅಷ್ಟಾದರೂ ಅದು ಟ್ಯೂಬಿನೊಳಗಿನ ಮಾತು, ಮೈಯೊಳಗಿನದಲ್ಲ.

ಕೈಯಲ್ಲಿರುವುದು ಒಂದೇ ಚೀಲವಾದರೆ ಗಿಡದ ಗುರುತು, ತೇವಾಂಶ, ಬೂಸ್ಟು, ಸೀಸ, ಕ್ಯಾಡ್ಮಿಯಂ, ಮಧುನಾಶಿನಿಯಾದರೆ ಜಿಮ್ನೆಮಜೆನಿನ್ (ಜಿಮ್ನೆಮಿಕ್ ಆಮ್ಲಗಳನ್ನು ಒಡೆದಾಗ ಸಿಗುವ ಅಂಶ) ಪ್ರಮಾಣ, ಇಷ್ಟನ್ನು ಲ್ಯಾಬಿನಲ್ಲಿ ಕೇಳಿ. ಕೊಳ್ಳುವವರು ನೋಡುವುದೂ ಇವನ್ನೇ.