ನದಿಯ ಜೊತೆ ನಾಲ್ಕು ದಿನ: ಫೋಟೊ ಮತ್ತು ವಿಡಿಯೊ ಬೆರೆತ ಪ್ರವಾಸ ಕಥನಕ್ಕೆ ಮಾಡಿಕೊಂಡ ಸಿದ್ಧತೆ

ಬೆಟ್ಟದ ಇಳಿಜಾರಿನಲ್ಲಿ ಒಸರಾಗಿ ಹುಟ್ಟಿ ಸಮುದ್ರ ಸೇರುವ ಒಂದು ಸಣ್ಣ ನದಿಯನ್ನು, ಮೂಲದಿಂದ ಅಳಿವೆಯವರೆಗೆ ನಾಲ್ಕು ದಿನ ಹಿಂಬಾಲಿಸಿ ಅದರ ಕಥೆಯನ್ನು ಫೋಟೊ ಮತ್ತು ವಿಡಿಯೊಗಳಲ್ಲಿ ಹೇಳಬೇಕೆಂದು ನಾನು ಎರಡು ಸಲ ಹೊರಟಿದ್ದೇನೆ. ಮೊದಲ ಸಲ ಸಾವಿರಕ್ಕೂ ಹೆಚ್ಚು ಫೋಟೊಗಳನ್ನೂ ಆರು ಗಂಟೆಗಳಷ್ಟು ವಿಡಿಯೊವನ್ನೂ ಹೊತ್ತು ತಂದೆ. ಅವುಗಳಲ್ಲಿ ಒಂದಕ್ಕೊಂದು ಹೊಂದುವ ಹತ್ತು ನಿಮಿಷವನ್ನೂ ಆರಿಸಲಾಗಲಿಲ್ಲ. ಮರುವರ್ಷ ಅದೇ ದಾರಿಯಲ್ಲಿ ಹೋಗಿ ತಂದದ್ದು ಮುನ್ನೂರು ಫೋಟೊ ಮತ್ತು ಎರಡು ಗಂಟೆಗೂ ಕಡಿಮೆ ವಿಡಿಯೊ ಮಾತ್ರ. ಆದರೂ ಅದರಿಂದ ಹನ್ನೊಂದು ನಿಮಿಷದ ಒಂದು ಕಥೆ ಸಿದ್ಧವಾಯಿತು. ಕ್ಯಾಮೆರಾ ಎರಡೂ ಸಲ ಅದೇ ಆಗಿತ್ತು, ಬದಲಾದದ್ದು ಹೊರಡುವ ಮೊದಲಿನ ಸಿದ್ಧತೆ.

ಮೊದಲ ಪ್ರವಾಸದ ತಪ್ಪು ಮೊದಲ ಬೆಳಗ್ಗೆಯೇ ನಡೆದಿತ್ತು. ನದಿಮೂಲದ ಬಳಿ ಮಂಜು ಕರಗುತ್ತಿದ್ದ ಐದಾರು ನಿಮಿಷಗಳಲ್ಲಿ ನಾನು ಒಮ್ಮೆ ಫೋಟೊ, ಒಮ್ಮೆ ವಿಡಿಯೊ ಎಂದು ಕ್ಯಾಮೆರಾದ ಗುಂಡಿ ತಿರುಗಿಸುತ್ತಲೇ ಇದ್ದೆ. ನೀರ ಹನಿಗಳನ್ನು ಸ್ತಬ್ಧವಾಗಿ ಹಿಡಿಯಲು ಫೋಟೊಗೆ ಇಟ್ಟಿದ್ದ ಸೆಕೆಂಡಿನ 1/1000 ಭಾಗದ ಶಟರ್ ವೇಗವೇ, ಅಂದರೆ ಒಂದು ಚಿತ್ರಕ್ಕೆ ಕ್ಯಾಮೆರಾ ಬೆಳಕನ್ನು ಒಳಬಿಡುವ ಅವಧಿಯೇ, ವಿಡಿಯೊಗೂ ಉಳಿದುಬಿಟ್ಟಿದ್ದರಿಂದ, ಹರಿವ ನೀರು ತಡವರಿಸುತ್ತಾ ಕುಲುಕಿದಂತೆ ಕಾಣಿಸಿತು. ವಿಡಿಯೊದಲ್ಲಿ ಚಲನೆ ಸಹಜವಾಗಿ ಕಾಣಬೇಕಾದರೆ ಶಟರ್ ವೇಗ ಸೆಕೆಂಡಿಗೆ ದಾಖಲಾಗುವ ಫ್ರೇಮ್‌ಗಳ (ಬಿಡಿ ಚಿತ್ರಗಳ) ಸಂಖ್ಯೆಯ ಸುಮಾರು ಎರಡರಷ್ಟಿರಬೇಕು; ಸೆಕೆಂಡಿಗೆ 25 ಫ್ರೇಮ್ ಆದರೆ 1/50, 30 ಆದರೆ 1/60. ಬಿಸಿಲಿನಲ್ಲಿ ಇಷ್ಟು ನಿಧಾನದ ಶಟರ್‌ಗೆ ಬೆಳಕು ವಿಪರೀತವಾಗುವುದರಿಂದ ಲೆನ್ಸ್‌ನ ಮುಂದೆ ಬೆಳಕನ್ನು ತಗ್ಗಿಸುವ ಮಬ್ಬು ಗಾಜು, ಅಂದರೆ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ. ಆದರೆ ನಿಜವಾದ ತೊಂದರೆ ಶಟರ್‌ನದ್ದಲ್ಲ. ಈ ಮಂಜಿನಿಂದ ನನಗೆ ಏನು ಬೇಕು ಎಂಬುದನ್ನು ನಾನು ಮೊದಲೇ ತೀರ್ಮಾನಿಸಿರಲಿಲ್ಲ.

ಆದ್ದರಿಂದ ಎರಡನೆಯ ಸಲ ಹೊರಡುವ ಹಿಂದಿನ ವಾರ ಒಂದೇ ಹಾಳೆಯಲ್ಲಿ ಇಡೀ ದಾರಿಯನ್ನು ಬರೆದುಕೊಂಡೆ. ಪ್ರತಿಯೊಂದು ತಾಣದ ಎದುರಿಗೂ ಇಲ್ಲಿ ಏನು ಚಲಿಸುತ್ತದೆ, ಏನು ನಿಂತಿದೆ ಎಂಬ ಎರಡೇ ಪ್ರಶ್ನೆ. ಮಂಜು ಸರಿಯುವುದು, ತೊರೆಗಳು ಕೂಡುವುದು, ಕಡವಿನಲ್ಲಿ ದೋಣಿ ದಾಟುವುದು ವಿಡಿಯೊಗೆ ಹೋದವು. ಹಗ್ಗ ಉಜ್ಜಿ ಉಜ್ಜಿ ಸವೆದ ದೋಣಿಗೂಟ, ಪ್ರವಾಹದ ಗುರುತು ಉಳಿದ ಕಂಬ, ಹುಟ್ಟು ಹಿಡಿದ ಅಂಬಿಗನ ಅಂಗೈ ಇವು ಫೋಟೊಗೆ. ನೋಡುವವರು ತಡೆದು ನಿಂತು ನೋಡಬೇಕಾದದ್ದು ಫೋಟೊಗೆ, ಆಗುತ್ತಾ ಹೋಗುವುದು ವಿಡಿಯೊಗೆ. ಈ ವಿಂಗಡಣೆ ಸ್ಥಳದಲ್ಲಿ ಎಷ್ಟೋ ಸಲ ತಲೆಕೆಳಗಾಗುತ್ತದೆ, ಆಗಲಿ. ಬದಲಿಸಲು ಒಂದು ನಿರ್ಧಾರವಾದರೂ ಇರಬೇಕಲ್ಲ. ಇಬ್ಬರು ಹೋಗುವುದಾದರೆ ಒಬ್ಬರು ಫೋಟೊ, ಇನ್ನೊಬ್ಬರು ವಿಡಿಯೊ ವಹಿಸಿಕೊಳ್ಳುವುದು ಸುಲಭ. ಒಂಟಿಯಾಗಿ ಹೋಗಿದ್ದ ನಾನು ಪ್ರತಿ ತಾಣದಲ್ಲಿಯೂ ಮೊದಲು ಟ್ರೈಪಾಡ್ ಊರಿ ವಿಡಿಯೊ ಮುಗಿಸಿ, ಅನಂತರವೇ ಫೋಟೊಗೆ ಕೈ ಹಾಕುತ್ತಿದ್ದೆ. ವಿಡಿಯೊದ ಪ್ರತಿ ತುಣುಕನ್ನೂ ಕ್ಯಾಮೆರಾ ಕದಲಿಸದೆ ಕನಿಷ್ಠ ಹತ್ತು ಸೆಕೆಂಡ್ ತೆಗೆಯಿರಿ. ಮೂರು ಸೆಕೆಂಡಿನ ತುಣುಕಿಗೆ ಕತ್ತರಿ ಹಾಕಲು ಜಾಗವೇ ಇರುವುದಿಲ್ಲ.

ಇದೇ ಹಾಳೆಯಲ್ಲಿ ಹೊತ್ತನ್ನೂ ಬರೆಯಬೇಕು. ಮೊದಲ ಸಲ ನಾನು ಅಳಿವೆ ತಲುಪಿದಾಗ ಇಳಿತದ ಸಮಯವಾಗಿತ್ತು. ನದಿ ಸಮುದ್ರ ಸೇರುವ ದೃಶ್ಯಕ್ಕೆಂದು ನಾಲ್ಕು ದಿನ ನಡೆದವನ ಎದುರಿಗೆ ಕೆಸರಿನ ಬಯಲು ಹರಡಿಕೊಂಡಿತ್ತು. ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರಕ್ಕೂ ಮುಂದಿನ ಉಬ್ಬರಕ್ಕೂ ನಡುವೆ ಸುಮಾರು 12 ಗಂಟೆ 25 ನಿಮಿಷಗಳ ಅಂತರವಿರುವುದರಿಂದ, ಉಬ್ಬರದ ವೇಳೆ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹೀಗಾಗಿ ಉಬ್ಬರವೂ ಸಂಜೆಯ ಹೊಂಬಿಸಿಲೂ ಒಟ್ಟಿಗೆ ಸಿಗುವ ದಿನವನ್ನು ಉಬ್ಬರವಿಳಿತದ ಪಟ್ಟಿಯಲ್ಲಿ ಮೊದಲು ಗುರುತಿಸಿ, ಅಲ್ಲಿಂದ ಹಿಂದಕ್ಕೆ ನಾಲ್ಕು ದಿನ ಎಣಿಸಿ ಹೊರಡುವ ದಿನಾಂಕವನ್ನು ನಿಗದಿಮಾಡಿಕೊಳ್ಳುವುದು ಒಳ್ಳೆಯದು.

ಫೋಟೊ ಮತ್ತು ವಿಡಿಯೊ ಒಂದೇ ಪರದೆಯ ಮೇಲೆ ಬರಬೇಕಾದಾಗ ಅವುಗಳ ಆಕಾರದ ಲೆಕ್ಕವೂ ಬೇಕು. ಹಲವು ಕ್ಯಾಮೆರಾಗಳ ಫೋಟೊ 3:2 ಅಳತೆಯದು, ಸಾಮಾನ್ಯ ಅಡ್ಡ ವಿಡಿಯೊ 16:9. ಫೋಟೊವನ್ನು ವಿಡಿಯೊದ ಅಳತೆಗೆ ತಂದಾಗ ಮೇಲೆ ಕೆಳಗೆ ಸ್ವಲ್ಪ ಕತ್ತರಿಸಿಹೋಗುತ್ತದೆ. ಆದ್ದರಿಂದ ತೆಗೆಯುವಾಗಲೇ ಅಷ್ಟು ಜಾಗ ಬಿಟ್ಟಿರಬೇಕು. ಕಥೆಯಲ್ಲಿ ಬರಬೇಕಾದ ಫೋಟೊಗಳನ್ನು ಉದ್ದುದ್ದ ತೆಗೆದರೆ ಪರದೆಯ ಎರಡು ಬದಿಯೂ ಖಾಲಿ ಉಳಿಯುತ್ತದೆ. 24 ಮೆಗಾಪಿಕ್ಸೆಲ್ ಫೋಟೊದಲ್ಲಿ ಸಾಧಾರಣವಾಗಿ 6000 × 4000 ಬಿಂದುಗಳಿದ್ದು, 4ಕೆ ವಿಡಿಯೊಗೆ ಬೇಕಾದದ್ದು 3840 × 2160 ಮಾತ್ರವಾದ್ದರಿಂದ, ಎಡಿಟಿಂಗ್ ವೇಳೆ ಒಂದು ಫೋಟೊದೊಳಗೇ ನಿಧಾನವಾಗಿ ಸರಿಯುತ್ತಾ ಹೋಗಲು ಸಾಕಷ್ಟು ಅವಕಾಶ ಸಿಗುತ್ತದೆ. ನಾನಂತೂ ಅದನ್ನು ಎರಡೇ ಕಡೆ ಬಳಸಿದೆ. ಎಲ್ಲ ಫೋಟೊಗಳೂ ತೇಲಾಡತೊಡಗಿದರೆ ಫೋಟೊ ತೆಗೆದ ಉದ್ದೇಶವೇ ಹಾಳು.

ಇನ್ನು ಶಬ್ದದ ವಿಷಯ. ಹೊರಡುವವರು ಅತಿ ಕಡಿಮೆ ಯೋಚಿಸುವುದು ಇದರ ಬಗ್ಗೆ. ಚಲಿಸುವ ಚಿತ್ರದಿಂದ ಒಮ್ಮೆಗೇ ನಿಂತ ಚಿತ್ರಕ್ಕೆ ಬಂದಾಗ ನೋಡುವವರಿಗೆ ಏನೋ ಕಡಿದುಹೋದಂತಾಗುತ್ತದೆ. ಅದನ್ನು ಜೋಡಿಸುವುದು ಕೆಳಗೆ ಹರಿಯುತ್ತಿರುವ ಶಬ್ದ. ದೋಣಿ ದಾಟುವ ವಿಡಿಯೊದಲ್ಲಿ ಶುರುವಾದ ಹುಟ್ಟಿನ ಸದ್ದು, ಅಂಬಿಗನ ಅಂಗೈ, ಹಗ್ಗ ಮತ್ತು ಗೂಟದ ಫೋಟೊಗಳ ಅಡಿಯಲ್ಲಿಯೂ ಮುಂದುವರಿದಾಗ ಆ ಮೂರೂ ಫೋಟೊಗಳು ದೋಣಿಯೊಳಗೇ ಇದ್ದಂತೆ ಕಂಡವು. ಇದಕ್ಕಾಗಿ ಪ್ರತಿ ತಾಣದಲ್ಲಿಯೂ ಒಂದು ನಿಮಿಷ ಯಾರೂ ಮಾತನಾಡದೆ, ಹೆಜ್ಜೆ ಸದ್ದೂ ಮಾಡದೆ, ಆ ಜಾಗದ ಶಬ್ದವನ್ನಷ್ಟೇ ದಾಖಲಿಸಿಕೊಳ್ಳಿ. ಪ್ರತ್ಯೇಕ ರೆಕಾರ್ಡರ್ ಇಲ್ಲದಿದ್ದರೆ ಮೊಬೈಲ್ ಸಾಕು. ಗಾಳಿಯನ್ನು ಮಾತ್ರ ನಂಬಬೇಡಿ. ಮೈಕ್‌ಗೆ ತುಪ್ಪಳದಂತಹ ಹೊದಿಕೆ ಇಲ್ಲದೆ ಅಳಿವೆಯಲ್ಲಿ ದಾಖಲಿಸಿದ ಮೊದಲ ಸಲದ ಅಲೆಗಳ ಸದ್ದೆಲ್ಲ ಬರೀ ಗುರುಗುಟ್ಟುವಿಕೆಯಾಗಿತ್ತು.

ಸಾಮಾನುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ದರದಲ್ಲಿ ತೆಗೆದ ವಿಡಿಯೊ ಗಂಟೆಗೆ ಸುಮಾರು 45 ಜಿಬಿ ತಿನ್ನುತ್ತದೆ, ಮೆಮೊರಿ ಕಾರ್ಡ್‌ಗಳನ್ನು ಆ ಲೆಕ್ಕದಲ್ಲಿ ಕೊಳ್ಳಿ. ಪ್ರತಿ ರಾತ್ರಿ ಎರಡು ಪ್ರತಿ ಮಾಡಿ ಬೇರೆ ಬೇರೆ ಚೀಲಗಳಲ್ಲಿಡಿ. ಚಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಬೆಟ್ಟದ ಮೇಲೆ ಅದು ಒಳಜೇಬಿನಲ್ಲಿರಲಿ. ವಿಮಾನದಲ್ಲಿ ಹೋಗುವುದಾದರೆ ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲಿಯೇ ಒಯ್ಯಬೇಕು. ಕ್ಯಾಮೆರಾ ಮತ್ತು ಮೊಬೈಲ್‌ಗಳ ಗಡಿಯಾರ ಒಂದೇ ಸಮಯ ತೋರಿಸುತ್ತಿವೆಯೇ ಎಂದು ಹೊರಡುವ ಮುನ್ನ ನೋಡಿಕೊಳ್ಳಿ. ನನ್ನವು ಹದಿನೇಳು ನಿಮಿಷ ವ್ಯತ್ಯಾಸವಾಗಿದ್ದರಿಂದ ಕಂಪ್ಯೂಟರ್‌ನಲ್ಲಿ ಜೋಡಿಸಿದಾಗ ದೋಣಿ ಹತ್ತುವ ಮೊದಲೇ ಆಚೆ ದಡದ ಫೋಟೊಗಳು ಬಂದು ಕುಳಿತಿದ್ದವು.

ದಾರಿಯಲ್ಲಿ ಸಿಗುವವರ ಚಿತ್ರ ತೆಗೆಯುವ ಮೊದಲು ಕೇಳಬೇಕು. ಮಕ್ಕಳಾದರೆ ಹೆತ್ತವರನ್ನು ಕೇಳಬೇಕು. ಕ್ಯಾಮೆರಾ ಚೀಲದಲ್ಲಿಯೇ ಇಟ್ಟು ಅರ್ಧ ಗಂಟೆ ಅಂಬಿಗನ ಜೊತೆ ಕುಳಿತದ್ದರಿಂದಲೇ ಅವನು ತಾನಾಗಿ ಪ್ರವಾಹದ ವರ್ಷದ ಕಥೆ ತೆಗೆದ. ಆ ದನಿಯನ್ನು ಅವನ ಒಪ್ಪಿಗೆ ಪಡೆದು ದಾಖಲಿಸಿಕೊಂಡೆ, ಮುಖವನ್ನು ಅವನು ಬೇಡವೆಂದ. ನನ್ನ ಕಥೆಯ ಅತ್ಯುತ್ತಮ ಭಾಗದಲ್ಲಿ ಇರುವುದು ಹಾಗಾಗಿ ಒಂದು ದನಿ ಮತ್ತು ನೀರಿನ ಗುರುತು ಉಳಿದ ಒಂದು ಕಂಬ.

ರಾತ್ರಿ ಮಲಗುವ ಮುನ್ನ ಅಂದಿನ ಚಿತ್ರಗಳನ್ನೆಲ್ಲ ಒಮ್ಮೆ ನೋಡಿ, ಹಾಳೆಯಲ್ಲಿ ದಕ್ಕಿದ್ದಕ್ಕೆ ಗುರುತು ಹಾಕಿ. ಮೂರನೆಯ ರಾತ್ರಿ ನೋಡುವಾಗ ನನ್ನಲ್ಲಿ ನದಿಯ ಹತ್ತಿರದ ಚಿತ್ರಗಳೇ ತುಂಬಿದ್ದು, ಅದು ಯಾವ ನೆಲದ ನಡುವೆ ಹರಿಯುತ್ತಿದೆ ಎಂದು ತೋರಿಸುವ ದೂರದ ನೋಟ ಒಂದೂ ಇಲ್ಲವೆಂದು ತಿಳಿಯಿತು. ಮರುದಿನ ಸೂರ್ಯೋದಯಕ್ಕೆ ಮುಂಚೆ ಎರಡು ಮೈಲಿ ಹಿಂದಕ್ಕೆ ನಡೆದು, ಗುಡ್ಡ ಹತ್ತಿ, ಆ ಒಂದು ನೋಟವನ್ನು ತೆಗೆದುಕೊಂಡು ಬಂದೆ. ಉಬ್ಬರ ಸಂಜೆಗೆ ಇದ್ದುದರಿಂದ ಅಷ್ಟು ಸಮಯ ಕೈಯಲ್ಲಿತ್ತು.